ಹನ್ನೊಂದನೆಯ ಸಹಿ

ಇಷ್ಟು ಅಗ್ಗವೇಕೆಂದು ಕೇಳಿದರೆ
ಡೆಲ್ಫಿನಾ ಅಜ್ಜಿ ಬೆರಳು ಮಡಚುತ್ತಾಳೆ:
ವಾರಸುದಾರರು ಹನ್ನೊಂದು, ಸಹಿ ಹತ್ತು.
ಉಳಿದವನು ಫ್ರಾನ್ಸಿನಲ್ಲಿ, ಫೋನೆತ್ತುವುದಿಲ್ಲ.

ಪೋರ್ಚುಗಲ್ಲಿನ ಈ ಬೆಟ್ಟದಂಚಿಗೆ
ಬಸ್ಸು ಮಂಗಳವಾರ ಮಾತ್ರ.
ಆನ್ಸೆಲ್ಮು ಹಿಡಿಮಣ್ಣೆತ್ತಿ ಮೂಸುತ್ತಾನೆ
ಬಲ್ಲವನ ಹಾಗೆ.
ಹದಿನಾಲ್ಕು ವರ್ಷ ಟ್ರಾಮ್ ಓಡಿಸಿದವನು!

ನಾನು ಮನಸ್ಸಿನಲ್ಲೇ ಕೂಡುತ್ತೇನೆ:
ಆರು ಕೋಳಿ, ಎರಡು ಮೇಕೆ,
ಚೆಸ್ಟ್‌ನಟ್ ಮರ ನಾಲ್ಕು, ಸೂರು ಕುಸಿದ ಮನೆ;
ಉಪ್ಪು, ಸೀಮೆಎಣ್ಣೆ ಕೊಂಡರಾಯಿತು.
ಚಪ್ಪಲಿ ಮರೆತಿದ್ದೆ.

ಇರಿಯಾ ಬಾವಿಗೆ ಕಲ್ಲೆಸೆದು ಎಣಿಸುತ್ತಾಳೆ.
ಒಂದು, ಎರಡು, ಮೂರು,
ನಾಲ್ಕಕ್ಕೆ
ಗುಳುಂ.

"ಕಾಗದ ಬರುವಾಗ ಬರಲಿ," ಅಜ್ಜಿ ಎನ್ನುತ್ತಾಳೆ,
"ಆಲೂಗೆಡ್ಡೆ ನೆಟ್ಟುಬಿಡಿ.
ಅದು ಯಾರ ಸಹಿಯನ್ನೂ ಕೇಳುವುದಿಲ್ಲ."

ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನು,
ಎರಡು ಸಲ.
ಆನ್ಸೆಲ್ಮು ಇನ್ನೂ
ಕೈಯ ಮಣ್ಣು ಕೊಡವಿಲ್ಲ.