ಪುಟಕ್ಕೆ ಎರಡು ರೂಪಾಯಿ

ಬೆಳಗಿನ ಪಕ್ಷ ಒಂಬತ್ತಕ್ಕೆ ಬರುತ್ತದೆ,
ಮಡಿಕೇರಿ ಬಸ್ಸಿನ ಹಿಂದೆಯೇ, ಜೀಪಿನಲ್ಲಿ.
ರಾತ್ರಿಯ ಪಕ್ಷ, ನಾನು ಷಟರ್ ಅರ್ಧ ಎಳೆದ ಮೇಲೆ
ತಲೆ ತಗ್ಗಿಸಿ ಒಳಗೆ ನುಸುಳುತ್ತದೆ.
ಇಬ್ಬರ ಕೈಯಲ್ಲೂ ಒಂದೇ ಪಟ್ಟಿ:
ಸುಂಟಿಕೊಪ್ಪ, ಶಾಲೆಯ ಎಡಭಾಗ,
ಒಂಬೈನೂರ ಹನ್ನೆರಡು ಹೆಸರು.
ಇಪ್ಪತ್ತು ಪ್ರತಿ, ಪಿನ್ ಹೊಡೆದು.

"ಅಕ್ಕ, ಯಾರಿಗೂ ತೋರಿಸಬೇಡಿ" ಅನ್ನುತ್ತಾನೆ ಬೆಳಗಿನ ಮಂದಣ್ಣ.
"ಜಲಜಕ್ಕ, ನೀವು ನೋಡಿಲ್ಲ ಅಂತ ನಂಬ್ತೇನೆ" ಅನ್ನುತ್ತಾನೆ ರಾತ್ರಿಯ ಧರ್ಮಪಾಲ.
ನೋಡದೆ ನಕಲು ಮಾಡುವುದು ಹೇಗೆ?
ಗಾಜಿನಡಿ ಬೆಳಕು ಹಾಯುವಾಗ
ಒಂದು ಸಾಲು ಓದುವಷ್ಟು ಹೊತ್ತು ಸಿಕ್ಕೇ ಸಿಗುತ್ತದೆ.

ಸರಿ ಗುರುತು ಅಂದರೆ ನಮ್ಮವರು. ತಪ್ಪು ಅಂದರೆ ಬಿಡಿ.
ಪ್ರಶ್ನೆ ಅಂದರೆ ಕೊನೆಯ ಎರಡು ರಾತ್ರಿ.
ಪಕ್ಕದಲ್ಲಿ ಪೆನ್ಸಿಲಿನ ಮಾತು:
ಮೊಯ್ದು, ಮೀನಂಗಡಿ ಲೈಸೆನ್ಸ್ ಬಾಕಿ.
ದೇಚಮ್ಮ, ಆನೆ ಬೇಲಿ ಮುರಿದ ಪರಿಹಾರ ಬಂದಿಲ್ಲ,
ಬೈಯುತ್ತಾರೆ, ಹೆಂಗಸರನ್ನೇ ಕಳಿಸಿ.
ಲೈನ್‌ಮನೆ ಹದಿನೆಂಟು ಓಟು, ಒಟ್ಟಿಗೆ. ರೈಟರ್ ನೋಡಿಕೊಳ್ತಾರೆ.

ನಾನೂರ ಹದಿನಾರು, ಚಿನ್ನಪ್ಪ ಕೆ. ಪಿ.
ಬೆಳಗಿನ ಪಟ್ಟಿಯಲ್ಲಿ ಸರಿ, ರಾತ್ರಿಯದರಲ್ಲೂ ಸರಿ.
ಇಬ್ಬರೂ ಇಷ್ಟು ನಂಬುವ ಮನುಷ್ಯ ಊರಲ್ಲಿ ಇನ್ನೊಬ್ಬನಿಲ್ಲ.
ಅವರು ಹೋಗಿ ನಾಲ್ಕು ವರ್ಷ.
ಹೆಸರು ತೆಗೆಸಲು ಫಾರಂ ಕೊಟ್ಟಿದ್ದೆ,
ಮರಣಪತ್ರದ ನಕಲು ನಾನೇ ತೆಗೆದು,
ಎರಡು ರೂಪಾಯಿ ಡಬ್ಬಿಗೆ ಹಾಕಿ.
ನಾನೂರ ಹದಿನೇಳು, ಜಲಜಾಕ್ಷಿ:
ಗಂಡನ ಹತ್ತಿರ ಮಾತಾಡಿದರೆ ಸಾಕು.

ಮೈಸೂರಿನಿಂದ ಟ್ಯಾಬ್ ಹಿಡಿದ ಹುಡುಗಿ ಬಂದಳು,
ಜನರ ಮೂಡ್ ಹೇಗಿದೆ ಅಂದಳು.
ಇಲ್ಲಿ ನಿಂತವರು ರೋಬಸ್ಟಾ ರೇಟು ಮಾತಾಡುತ್ತಾರಮ್ಮ,
ಹೂಮಳೆ ತಡವಾದ್ದು ಮಾತಾಡುತ್ತಾರೆ,
ಠಾಣೆಗೆ ಕೋವಿ ಒಪ್ಪಿಸಿದ ರಸೀದಿಗೆ ನಕಲು ಕೇಳುತ್ತಾರೆ.
"ನೀತಿಸಂಹಿತೆ ನಮಗೆ ಮಾತ್ರವಾ, ಆನೆಗಿಲ್ಲವಾ?" ಅಂದರು ಉತ್ತಯ್ಯಜ್ಜ,
"ನಿನ್ನೆಯೂ ಬಂದು ಹಲಸು ತಿಂದು ಹೋಯಿತು."
ಹುಡುಗಿ 'ಅಸಮಾಧಾನ' ಒತ್ತಿದಳು.
ಅಜ್ಜ ನಗುತ್ತಿದ್ದರು.

ಗಾಜಿನ ಮೇಲೆ ನೊಣದ ಕಲೆಯೊಂದಿತ್ತು.
ಪ್ರತಿ ಪುಟದ ಹನ್ನೊಂದನೆಯ ಹೆಸರಿಗೆ ಒಂದು ಕಪ್ಪು ಚುಕ್ಕೆ.
"ಅವರ ಪಟ್ಟಿ ಸಿಕ್ಕಿತು, ಅದರಲ್ಲೂ ಚುಕ್ಕೆ!
ಯಾರಕ್ಕ ಇವರೆಲ್ಲ?" ಧರ್ಮಪಾಲನಿಗೆ ನಿದ್ದೆಯಿಲ್ಲ.
ಹನ್ನೊಂದನೆಯವರ ಮನೆಗಳಿಗೆ
ಎರಡೂ ಪಕ್ಷ ಎರಡೆರಡು ಸಲ ಹೋಯಿತು.
ಒರೆಸಬಹುದಿತ್ತು.
ಒರೆಸಲಿಲ್ಲ.

ಲೈನ್‌ಮನೆಯ ಚೋಮಿ ಆಧಾರ್ ನಕಲಿಗೆ ಬಂದಾಗ
ಮಂದಣ್ಣ ಅಲ್ಲೇ ಇದ್ದ. ಚಿಹ್ನೆ ನೆನಪಿದೆಯಲ್ಲ?
"ಆಯ್ತು" ಅಂದಳು.
ಮರೆತ ಕಾರ್ಡಿಗೆ ಸಂಜೆ ಮರಳಿ ಬಂದಾಗ ಧರ್ಮಪಾಲ.
ಅವನಿಗೂ "ಆಯ್ತು".
ಎರಡರ ನಡುವೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದ್ದೀತೆಂದು ಕಿವಿಗೊಟ್ಟೆ.
ನನ್ನ ಯಂತ್ರವೂ ಅಷ್ಟು ಸರಿಯಾಗಿ ನಕಲು ಮಾಡುವುದಿಲ್ಲ.
ಕಾರ್ಡು ಸೆರಗಿಗೆ ಕಟ್ಟಿ, ಮೋರಿಗೆ ಎಲೆಯಡಿಕೆ ಉಗಿದು,
ನಡೆದಳು.

ಮತದಾನದ ದಿನ, ಶಾಲೆಯಲ್ಲಿ, ನಾಲ್ಕನೆಯ ಕ್ಲಾಸಿನ ಕೋಣೆ.
ಕ್ರಮಸಂಖ್ಯೆ ಕೂಗಿದಾಗ ಏಜೆಂಟರಿಬ್ಬರೂ ನನ್ನ ಮುಖ ನೋಡದೆ
ನಾನೇ ಮಾಡಿಕೊಟ್ಟ ಹಾಳೆಯ ಮೇಲೆ ಸ್ಕೇಲಿಟ್ಟರು.
ಒಬ್ಬನ ಗೆರೆ ಹದಿನಾರರ ಮೇಲೆ ಬಿತ್ತು,
ಛೆ ಅಂದು ಕೆಳಗಿಳಿಸಿದ.
ಅಷ್ಟು ಹೊತ್ತು ಅವರು ಬದುಕಿದ್ದರು,
ಓಟು ಹಾಕಿದವರಾಗಿ.

ಶಾಯಿ ಹಚ್ಚುವ ಟೀಚರ್ ನನ್ನ ಬೆರಳು ಹಿಡಿದು ನಿಂತರು:
"ಇದಾಗಲೇ ಕಪ್ಪಾಗಿದೆಯಲ್ಲ?"
ಟೋನರ್ ಮೇಡಂ, ತೊಳೆದರೂ ಹೋಗುವುದಿಲ್ಲ.
ಅನುಮಾನದಲ್ಲೇ ಮೇಲೊಂದು ಗೆರೆ ಎಳೆದರು.

ರಟ್ಟಿನ ಮರೆಯ ಹಿಂದೆ ಒಬ್ಬಳೇ.
ಯಾರ ಪೆನ್ಸಿಲೂ ಅಲ್ಲಿಗೆ ಬರುವುದಿಲ್ಲ.
ಉದ್ದ ಬೀಪ್.
ಕಾಗದ ಮುಗಿದಾಗ ನನ್ನ ಯಂತ್ರ ಹೊಡೆಯುತ್ತದಲ್ಲ, ಥೇಟ್ ಹಾಗೆ.

ಗೇಟಿನ ಹೊರಗೆ ನೂರು ಮೀಟರ್ ದೂರದಲ್ಲಿ ಮಂದಣ್ಣ:
"ಆಯ್ತಾ ಅಕ್ಕ?"
ಆಯ್ತು, ಅಂದೆ.