ನಾಲ್ಕು ಬೆರಳು ಖಿಡಕಿ

ಪುಷ್ಯದ ಥಂಡಿ. ಔರಾದ ಕಡೆಯ ಗಾಳಿಗೆ
ಹಲ್ಲು ಬಂದಿವೆ.
ಚಂದ್ರಭಾಗಮ್ಮನ ಮನೆಯಲ್ಲಿ
ಬಾಣಂತಿ ಖೋಲಿಯ ಬಾಗಿಲ ಸಂದಿಗೆ
ಹಳೆಯ ಸೀರೆಯ ಸೆರಗು ತುರುಕಿದ್ದಾರೆ,
ಖಿಡಕಿಗೆ ಗೊಬ್ಬರದ ಚೀಲ.
ಒಳಗೆ, ಹೊರಸಿನ ಕೆಳಗೆ, ಶೇಗಡಿ.

ಮೊದಲು ನಾನು ಒಳಗೆ ಹೋಗುವುದಿಲ್ಲ.
ಅಂಗಳದ ಬೇವಿನ ಕೆಳಗೆ ನಿಂತು
ಚೀಲದಿಂದ ಅದನ್ನು ತೆಗೆಯುತ್ತೇನೆ:
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಹಳದಿ,
ನನ್ನ ಪಗಾರದಲ್ಲಿ ಕೊಂಡದ್ದು, ಸರ್ಕಾರದ್ದಲ್ಲ.
ಗುಂಡಿ ಒತ್ತಿದರೆ ಒಮ್ಮೆ ಕಿರುಚಿ, ಕೆಂಪು ಕಣ್ಣು ಮಿಟುಕಿಸಿ
ಬಯಲ ಗಾಳಿಯಲ್ಲಿ ಸೊನ್ನೆ ತೋರಿಸಬೇಕು.
ತೋರಿಸಿತು.
ಒಳಗಿನ ಗಾಳಿಯಲ್ಲೇ ಎಬ್ಬಿಸಿದರೆ
ಕೆಟ್ಟದ್ದನ್ನೇ ಸೊನ್ನೆ ಅಂದುಕೊಂಡೀತು,
ಹುಟ್ಟಿದೂರಿನ ಸವಳು ನೀರನ್ನೇ
ಸಿಹಿ ಅನ್ನುವವರ ಹಾಗೆ.

"ಏನಿದು ನರ್ಸಬಾಯಿ, ಮೊಬೈಲಾ?"
"ಅಲ್ಲ ಅವ್ವಾ, ಇದು ಮೂಸಿ ನೋಡ್ತದ."
"ಏನ ಮೂಸ್ತದ? ನನ್ನ ಖೋಲ್ಯಾಗ ಹೊಗಿ ಎಲ್ಲದ?
ಅಜವಾನ, ಲೋಬಾನ ಮುಂಜಾನಿ ಹಾಕಿದ್ದು.
ಈಗ ಬರೇ ನಿಗಿನಿಗಿ ಕೆಂಡ.
ಕಣ್ಣಾಗ ಒಂದ ಹನಿ ನೀರ ಬರಂಗಿಲ್ಲ."

ಅದೇ ಅವ್ವಾ, ಅಂದೆ.
ಹೊಗೆ ಬಡಪಾಯಿ, ಕೆಮ್ಮಿ, ಬಾಗಿಲು ಬಡಿದು ಬರುತ್ತದೆ.
ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ,
ಕಾಲ ಸಪ್ಪಳವಿಲ್ಲ.
ಚಂದ್ರಭಾಗಮ್ಮ ಎಲೆಯಡಿಕೆ ಕೆನ್ನೆಗೆ ಸರಿಸಿ
"ನಮ್ಮತ್ತಿ ಹಂಗ" ಅಂದಳು.

ಜೇಬಿನಲ್ಲಿ ಹುದುಗಿಸಬಾರದು, ಸ್ವೆಟರಿನಡಿ ಮುಚ್ಚಬಾರದು,
ನಾನು ಉಸಿರಾಡುವಲ್ಲೇ ಅದೂ ಉಸಿರಾಡಬೇಕು.
ಕೊರಳ ಹತ್ತಿರ ಸಿಕ್ಕಿಸಿಕೊಂಡು ಒಳಗೆ ಹೋದೆ.

ಮಹಾನಂದಾ ಕೌದಿಯೊಳಗೆ. ಪಕ್ಕದಲ್ಲಿ
ಹದಿಮೂರು ದಿನದ ಕೂಸು.
"ತಲಿ ಸಿಡೀಲತ್ತದ ಬಾಯಿ, ಹೊಟ್ಟಿ ತೊಳಸ್ತದ.
ನಿನ್ನಿ ಪಡಸಾಲ್ಯಾಗ ಕುಂತಾಗ ಛಲೋ ಇತ್ತು."
ಹನ್ನೊಂದು. ಇಪ್ಪತ್ತಾರು.
ಮೂವತ್ತೈದು ದಾಟಿದ್ದೇ
ಅದು ಕೂಗಿತು.

ಕೂಗಿದಾಗ ಎಲ್ಲಿಂದ ಅಂತ ಹುಡುಕಬಾರದು,
ಬಾಯಿ ಮುಚ್ಚಿಸಲು ಗುಂಡಿ ಒತ್ತಬಾರದು,
ಕೂಸಿನ ಕುಲಾವಿ ಎಲ್ಲಿ ಅನ್ನಬಾರದು.
ಕೂಸನ್ನು ನಾನೆತ್ತಿಕೊಂಡೆ,
ಮಹಾನಂದಾ ನನ್ನ ಹೆಗಲು ಹಿಡಿದಳು,
ಬೇವಿನ ಕೆಳಗೆ ಬಂದು ನಿಂತೆವು
ಮೂವರೂ ಬರಿತಲೆಯಲ್ಲಿ.
"ಬಾಣಂತಿ! ಗಾಳಿ! ಕಿವ್ಯಾಗ ಹತ್ತಿ ಇಲ್ಲ!"
ಮುದುಕಿಯ ಕೂಗಿಗೂ ಯಂತ್ರದ ಕೂಗಿಗೂ ಪೈಪೋಟಿ.
ಆಂಬುಲೆನ್ಸ್‌ಗೆ ಫೋನ್ ಹಚ್ಚುವಾಗ
ನನ್ನ ಬೆರಳು ಎರಡು ಸಲ ತಪ್ಪಿತು.

ಹೋದ ಚಳಿಗಾಲ, ಬೇರೆ ಊರು, ಬೇರೆ ಖೋಲಿ.
ನಾನು ತಲುಪಿದ್ದು ಬೆಳಿಗ್ಗೆ.
ಕೌದಿ ಇನ್ನೂ ಬೆಚ್ಚಗಿತ್ತು.
ಅದರ ಮುಂದಿನದನ್ನು ಅವಳಿಗೆ ಹೇಳಲಿಲ್ಲ,
ಇಲ್ಲೂ ಬರೆಯುವುದಿಲ್ಲ.

ಐದನೆಯ ದಿನ ಮತ್ತೆ ಹೋದೆ.
ಔರಾದ ದವಾಖಾನೆಯಿಂದ ತಾಯಿ ಮಗು ಮರಳಿದ್ದರು.
ಶೇಗಡಿ ಈಗ ಅಂಗಳದಲ್ಲಿ,
ಅದರ ಮೇಲೆ ಎರೆಯುವ ನೀರು.
ಖಿಡಕಿ ನಾಲ್ಕು ಬೆರಳು ತೆರೆದಿದೆ.
ಅಳತೆ ಯಾರದೆಂದು ಕೇಳಲಿಲ್ಲ,
ಚೌಕಟ್ಟಿನ ಮೇಲೆ ಸುಣ್ಣದ ಬೆರಳಚ್ಚು ಇತ್ತು.

"ಅದನ್ನ ಇಲ್ಲೇ ಬಿಟ್ಟು ಹೋಗು ಬಾಯಿ,
ರಾತ್ರಿ ಒಂದೀಟು ಕೆಂಡ ಇಡ್ತೀನಿ, ಅದು ಕಾಯ್ತದ."
"ಬ್ಯಾಡ ಅವ್ವಾ. ಅದನ್ನ ನಂಬಿ ಬೆಂಕಿ ಇಡಬಾರದು.
ಅದರ ಸೆಲ್ ಸಾಯ್ತದ.
ಬೆನ್ನ ಮ್ಯಾಲ ತಾರೀಖು ಅದ ನೋಡ್ರಿ,
ಅದು ಮುಗದ ಮ್ಯಾಲ ಮೂಗು ಇರಂಗಿಲ್ಲ."
ಓದು ಬಾರದ ಹೆಬ್ಬೆರಳಿಂದ
ಆ ಅಂಕಿಗಳನ್ನು ಸವರಿದಳು:
"ಪಾಪ, ಇದಕ್ಕೂ ಬರದಿಟ್ಟಾರ."

ಸಂತಪುರದ ಟಂಟಂನಲ್ಲಿ, ಹನ್ನೊಂದು ಜನರ ನಡುವೆ,
ತಾಡಪತ್ರಿ ಇಳಿಬಿಟ್ಟ ಬೆಚ್ಚನೆಯಲ್ಲಿ
ಮತ್ತೆ ಚೀಂವ್ ಅಂದಿತು.
"ಬಾಯಿ, ನಿಮ್ಮ ಚೀಲದಾಗ ಹಕ್ಕಿ ಅದಾ?"
"ಅದ. ನಿನ್ನ ಸೈಲೆನ್ಸರ್ ಒಡದದ ಅಂತ ಹೇಳ್ಲತ್ತದ."
ಅವನು ನಕ್ಕ, ಆದರೂ ಗಾಡಿ ನಿಲ್ಲಿಸಿ
ತಾಡಪತ್ರಿ ಮೇಲಕ್ಕೆ ಸುತ್ತಿದ.
ಊರು ಬರುವ ತನಕ ಥಂಡಿಗೆ
ಎಲ್ಲರೂ ನನ್ನನ್ನೇ ಬೈದರು.