ಇಪ್ಪತ್ತಾರನೇ ವಾಲ್ವು

ತಗೋ ಸಾಜಿದಾ, ಇದೇ ಕೀಲಿ.
ಎದೆಯೆತ್ತರ ಕಬ್ಬಿಣ, ಮೇಲೊಂದು ಅಡ್ಡಹಿಡಿ.
ಚಳಿಗಾಲದಲ್ಲಿ ಬರಿಗೈಯಲ್ಲಿ ಮುಟ್ಟಬೇಡ,
ಅಂಗೈ ಚರ್ಮ ಕೇಳುತ್ತದೆ.
ಗೋಣಿಯ ತುಂಡೊಂದು ಸುತ್ತಿಕೋ.

ಮಡಿಕೇರಿಯನ್ನು ನಕ್ಷೆಯಲ್ಲಿ ನೋಡಿದವರಿಗೆ
ಕೈಕರವಸ್ತ್ರದ ಹಾಗೆ ಚಪ್ಪಟೆ ಊರು.
ಕೂಟುಹೊಳೆಯ ನೀರನ್ನು ಕೇಳಬೇಕು ನೀನು.
ಪಂಪಿನ ಏಟಿಗೆ ಏದುತ್ತ ಗುಡ್ಡ ಹತ್ತಿ
ಸ್ಟೋನ್ ಹಿಲ್ಲಿನ ಟ್ಯಾಂಕಿನಲ್ಲಿ ಒಂದು ರಾತ್ರಿ ಒರಗಿ
ನಾಲ್ಕೂವರೆ ಜಾವಕ್ಕೆ ನಮ್ಮ ಕೈಗೆ ಬರುತ್ತದೆ.
ಅಲ್ಲಿಂದ ಮುಂದೆ ಬರೀ ಇಳಿಜಾರು.
ಯಾರ ಕಾಲದ ಬೀದಿ, ಯಾರು ಗೆದ್ದ ಪೇಟೆ,
ಅದಕ್ಕೆ ಬೇಕಿಲ್ಲ.

ಮೊದಲು ಮಹದೇವಪೇಟೆ, ಹನ್ನೊಂದು ಸುತ್ತು.
ನಿನ್ನ ಅಜ್ಜ ಮೈದಾ ಹರವಿ, ಗೋಪುರ ಮಾಡಿ, ನಡುವೆ ಕುಳಿ ತೋಡಿ
ನನ್ನ ಗಂಬೂಟಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು.
ತಡವಾದ ದಿನ ಊರಿಗೆಲ್ಲ ಗಟ್ಟಿ ಬನ್ನು.

ಆಮೇಲೆ ಗದ್ದಿಗೆ.
ಗುಮ್ಮಟದಡಿ ಮಲಗಿದ ದೊರೆಗಳಿಗೆ ನೀರು ಬೇಡ,
ಹುಲ್ಲಿಗೆ ಬೇಕು, ಎರಡೇ ಸುತ್ತು.
ಮೂವತ್ತೆಂಟು ವರ್ಷದಲ್ಲಿ
ಒಂದು ತಕರಾರೂ ಬಾರದ ಗಲ್ಲಿ ಅದು.

ಓಂಕಾರೇಶ್ವರನ ಕೆರೆಗೆ ನಮ್ಮ ಹಂಗಿಲ್ಲ.
ಅರಸರ ಕಾಲದಿಂದ ಅಲ್ಲಿನ ಮೀನುಗಳು
ನಗರಸಭೆಗೆ ಒಂದು ಪೈಸೆ ಕಟ್ಟಿಲ್ಲ.
ಪಾಪ ತೊಳೆಯಲು ಕಟ್ಟಿಸಿದ ಗುಡಿಯಂತೆ.
ಮೂಲೆಮೂಲೆಗೆ ಮಿನಾರು, ನಡುವೆ ಗುಮ್ಮಟ, ಒಳಗೆ ಲಿಂಗ.
ಮೇಸ್ತ್ರಿಗೆ ಬರುತ್ತಿದ್ದದ್ದು ಗಾರೆ ಕೆಲಸ,
ಬಂದದ್ದನ್ನು ಮಾಡಿದ, ಕೂಲಿ ಎಣಿಸಿಕೊಂಡು ಹೋದ.

ಕೋಟೆ ಮಾತ್ರ ಕಿರಿಕಿರಿ.
ಮಣ್ಣಿನದಿತ್ತಂತೆ, ಕಲ್ಲಿನದಾಯಿತು.
ಒಬ್ಬ ಊರಿಗೇ ಹೊಸ ಹೆಸರಿಟ್ಟ,
ಇನ್ನೊಬ್ಬ ಹಳೆಯದನ್ನು ಒರೆಸಿ ಮತ್ತೆ ತೂಗುಹಾಕಿದ,
ಹಡಗಿನಲ್ಲಿ ಬಂದವರು ನಾಲಿಗೆ ಹೊರಳದೆ
ಮರ್ಕೆರಾ ಎಂದರು, ನಾವೂ ಹ್ಞೂಂ ಎಂದೆವು.
ಅರಮನೆ ಕಚೇರಿಯಾಯಿತು, ಇಗರ್ಜಿ ಮ್ಯೂಸಿಯಮ್ಮಾಯಿತು.
ನನ್ನ ಪುಸ್ತಕದಲ್ಲಿ ಇಷ್ಟಕ್ಕೂ ಸೇರಿ ಒಂದೇ ಸಾಲು:
'ಕೋಟೆ ಒಳಗೆ, ಮುಕ್ಕಾಲು ಇಂಚು.'

ಅಲ್ಲಿ ಎರಡು ಗಾರೆಯ ಆನೆಗಳಿವೆಯಲ್ಲ,
ಇದ್ದರೂ ಸಾವಿರ ಸತ್ತರೂ ಸಾವಿರ ಎಂಬ ಮಾತು
ಅವಕ್ಕೆ ಹೇಗೆ ಹಚ್ಚುವುದೋ ನನಗೆ ತಿಳಿದಿಲ್ಲ.
ಮಳೆ ಜೋರಾದಾಗ ಒಂದರ ಹೊಟ್ಟೆಯಡಿ ನಿಂತು
ಬೀಡಿ ಹಚ್ಚಿದ್ದೇನೆ. ಅಷ್ಟೇ ಪರಿಚಯ.

ಆ ಆಗಸ್ಟು ಹೇಳಲಾರೆ ಎಂದುಕೊಂಡಿದ್ದೆ.
ಗುಡ್ಡ ಜಾರಿದ ಮಾರನೆಯ ಬೆಳಿಗ್ಗೆ
ಮನೆಯಿದ್ದ ಜಾಗದಲ್ಲಿ ಪೈಪೊಂದು ಗಾಳಿಯಲ್ಲಿ ತೂಗುತ್ತ
ಇಲ್ಲದ ಅಡುಗೆಮನೆಗೆ ನೀರು ಹೊಯ್ಯುತ್ತಿತ್ತು.
ಮುಚ್ಚಿದೆ. ಹದಿನಾಲ್ಕು ಸುತ್ತು.
ಎಣಿಸುವಾಗ ಅಳು ಬರಲಿಲ್ಲ.

ಸರಿ, ಇಲ್ಲಿ ನೋಡು. ಇಪ್ಪತ್ತಾರು.
ಕೋಟೆಗೋಡೆಯ ಹಿಂದೆ, ಜರಿಗಿಡದ ಕೆಳಗೆ ಮುಚ್ಚಳ.
ಯಾವ ನಕ್ಷೆಯಲ್ಲೂ ಇಲ್ಲ.
ಸೀಸದ ಜೋಡು, ನಮ್ಮ ಅಳತೆಗೆ ಸಿಗದ ಕೊಳವೆ,
ಕುದುರೆಗಳಿಗೋ, ಯಾವುದೋ ದೊರೆಸಾನಿಯ ಗುಲಾಬಿಗೋ
ಯಾರು ಇಳಿಸಿದ್ದೋ.
ಹೊಸಬನಾಗಿದ್ದಾಗ ಒಂದು ರಾತ್ರಿ ಬಿಗಿಯಾಗಿ ಮುಚ್ಚಿದೆ,
ಸೋರಿಕೆ ನಿಲ್ಲಿಸಿದ ಹೆಮ್ಮೆಯಲ್ಲಿ ಮಲಗಿದೆ.
ಒಂದು ದಿನ, ಎರಡು ದಿನ, ಊರಲ್ಲಿ ಯಾರೂ ಉಸಿರೆತ್ತಲಿಲ್ಲ.
ನಾಲ್ಕನೆಯ ದಿನ ವಾಚ್‌ಮನ್ ಐತಪ್ಪ ಬಂದ,
ಕಣ್ಣು ಕೆಂಪಗೆ, ನಿದ್ದೆಯಿಲ್ಲ.
'ಗೋಡೆ ಹಿಂದೆ ಕಪ್ಪೆಗಳು ನಿಂತುಹೋಗಿವೆ ಮಾರಾಯ,
ಅಷ್ಟು ಸುಮ್ಮನಿದ್ದರೆ ರಾತ್ರಿ ಹೇಗೆ ಕಾಯುವುದು?'

ಹೋಗಿ ನೋಡಿದೆ. ಅಂಗಳದಷ್ಟು ಜೌಗು, ಒಣಗಿ ಬಿರಿದಿತ್ತು.
ಎಷ್ಟು ಅರಸೊತ್ತಿಗೆಗಳ ಕಪ್ಪೆಗಳೋ,
ಎಲ್ಲಿಗೆ ಹೋಗಿ ದೂರು ಕೊಡಬೇಕಿತ್ತು ಅವು?

ತೆರೆದೆ.
ಪುಸ್ತಕದಲ್ಲಿ ಬರೆದೆ: 'ಸೋರಿಕೆ ಇಲ್ಲ.'
ಅಂದಿನಿಂದ ಪ್ರತಿ ತಿಂಗಳೂ ಅದನ್ನೇ ಬರೆಯುತ್ತ ಬಂದೆ,
ನನ್ನ ಇಡೀ ನೌಕರಿಯ ಸುಳ್ಳು ಅದೊಂದೇ.

ನಿನ್ನ ಅಕ್ಷರ ನನ್ನದಕ್ಕಿಂತ ದುಂಡಗಿದೆ.
ನಾಲ್ಕು ಸುತ್ತು, ಸಾಜಿದಾ.
ಐದು ಬೇಡ.
ಐದಾದರೆ ನೀರು ರಸ್ತೆಗೆ ಬರುತ್ತದೆ,
ಹಿಂದೆಯೇ ಇಂಜಿನಿಯರ್ ಸಾಹೇಬರು.